ಹದವರಿತ ಯಂತ್ರ: ಕಾರಿನೊಳಗಿನ ಸ್ವಯಂಚಾಲಿತ ಹವಾನಿಯಂತ್ರಣ

ಎಳೆಯ ಮಗುವಿಗೆ ಎರೆಯಲು ಕುಳಿತ ಅಜ್ಜಿಯನ್ನು ನೋಡದವರು ನಮ್ಮಲ್ಲಿ ವಿರಳ. ಒಲೆಯ ಮೇಲಿನ ಹಂಡೆಯಲ್ಲಿ ಬಿಸಿನೀರಿದೆ. ಪಕ್ಕದ ಕೊಡದಲ್ಲಿ ತಣ್ಣೀರಿದೆ. ಆಕೆ ಎರಡನ್ನೂ ಬೆರೆಸಿ ಕೈ ಅದ್ದಿ ನೋಡುತ್ತಾಳೆ. ಸುಡುವಂತಿದ್ದರೆ ಒಂದು ತಂಬಿಗೆ ತಣ್ಣೀರು, ಆರಿದ್ದರೆ ಒಂದು ತಂಬಿಗೆ ಬಿಸಿನೀರು. ಮತ್ತೆ ಕೈ ಅದ್ದಿ ನೋಡುತ್ತಾಳೆ. ಹದ ಬಂದ ಮೇಲೂ ಆಕೆಯ ಗಮನ ಅತ್ತಲೇ ಇರುತ್ತದೆ. ನೀರು ಆರುತ್ತ ಹೋದಂತೆ ನಡುನಡುವೆ ಬಿಸಿನೀರನ್ನು ಸೇರಿಸುತ್ತಲೇ ಇರುತ್ತಾಳೆ. ಉಷ್ಣಮಾಪಕದ ನೆರವಿಲ್ಲದೆ ನಡೆಯುವ ಈ ಕೆಲಸವನ್ನು ಸೂಕ್ಷ್ಮವಾಗಿ ಅವಲೋಕಿಸಿದರೆ ಅದರಲ್ಲಿ ನಾಲ್ಕು ಅಂಗಗಳು ಕಂಡುಬರುತ್ತವೆ: ಬೇಕಾದ ಹದ ಎಷ್ಟೆಂಬ ನಿಶ್ಚಯ, ಈಗಿರುವ ಹದ ಎಷ್ಟೆಂಬ ಅರಿವು, ಅವೆರಡರ ನಡುವಣ ಅಂತರದ ವಿವೇಚನೆ, ಮತ್ತು ಆ ಅಂತರವನ್ನು ಕಳೆಯತಕ್ಕ ಕ್ರಿಯೆ.

ಇಂದಿನ ಅನೇಕ ಕಾರುಗಳ ಡ್ಯಾಶ್‌ಬೋರ್ಡಿನ ಮೇಲೆ ‘ಆಟೋ’ ಎಂಬ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ 24 ಎಂಬ ಅಂಕಿಯನ್ನು ನಿಗದಿಪಡಿಸಿದರೆ, ಹೊರಗೆ ಬೇಸಿಗೆಯ ಬೇಗೆಯಿರಲಿ, ಮಳೆಗಾಲದ ಥಂಡಿಯಿರಲಿ, ಒಳಗಿನ ಹವೆಯನ್ನು 24° ಸೆಂ. ಸಮೀಪದಲ್ಲಿ ಇರಿಸುವ ಹೊಣೆಯನ್ನು ಯಂತ್ರವು ವಹಿಸಿಕೊಳ್ಳುತ್ತದೆ. ಅಜ್ಜಿಯ ನಾಲ್ಕು ಕೆಲಸಗಳನ್ನೇ ಅದೂ ಮಾಡುತ್ತದೆ. ಅದು ಹೇಗೆ ಮಾಡುತ್ತದೆ ಎಂಬುದನ್ನೂ, ಎಲ್ಲಿ ಅದರ ಅರಿವು ನಿಂತುಹೋಗುತ್ತದೆ ಎಂಬುದನ್ನೂ ತಿಳಿದುಕೊಳ್ಳುವುದು ವಿಜ್ಞಾನದ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಕಾರಿನಲ್ಲಿ ಕುಳಿತುಕೊಳ್ಳುವ ಎಲ್ಲರಿಗೂ ಅವಶ್ಯವಾಗಿದೆ. ಈ ತಿಳಿವಳಿಕೆಯಿಲ್ಲದೆ ಪ್ರಾಣಕ್ಕೇ ಅಪಾಯ ಒದಗಿದ ಸಂದರ್ಭಗಳೂ ಉಂಟು.

ತಂಪಿನ ಮೂಲ

ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಂಪಾಗಿರುವುದು ಎಲ್ಲರ ಅನುಭವ. ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಅದಕ್ಕೆ ಶಾಖ ಬೇಕು. ಆ ಶಾಖವನ್ನು ಅದು ಗಡಿಗೆಯಿಂದಲೂ ಒಳಗಿನ ನೀರಿನಿಂದಲೂ ಹೀರಿಕೊಳ್ಳುತ್ತದೆ. ದ್ರವವು ಆವಿಯಾಗಲು ಬೇಕಾದ ಈ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. ಕಾರಿನ ತಂಪೂ ಗುಪ್ತೋಷ್ಣದಿಂದಲೇ ಬರುತ್ತದೆ. ಆದರೆ ಗಡಿಗೆಯ ನೀರಿನ ಆವಿ ಗಾಳಿಗೆ ಸೇರಿಹೋಗುತ್ತದೆ. ಕಾರಿನಲ್ಲಿ ಒಂದೇ ದ್ರವ್ಯವು ಮುಚ್ಚಿದ ಕೊಳವೆಗಳೊಳಗೆ ಆವಿಯಾಗುತ್ತ, ಮತ್ತೆ ದ್ರವವಾಗುತ್ತ ಸುತ್ತುತ್ತಿರುತ್ತದೆ. ಈ ದ್ರವ್ಯವನ್ನು ಶೀತಕವೆನ್ನುತ್ತಾರೆ.

ಬಹುಕಾಲ ಬಳಕೆಯಲ್ಲಿರುವ ಆರ್-134ಎ ಎಂಬ ಶೀತಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಾಮಾನ್ಯ ವಾಯುಭಾರದಲ್ಲಿ ಅದು -26° ಸೆಂ.ನಲ್ಲಿಯೇ ಕುದಿಯುತ್ತದೆ. ಒತ್ತಡವನ್ನು ವಾಯುಭಾರದ ಸುಮಾರು ಮೂರು ಪಟ್ಟಿಗೆ ಏರಿಸಿದರೆ ಅದರ ಕುದಿಬಿಂದು 0° ಸೆಂ. ಹತ್ತಿರಕ್ಕೆ ಬರುತ್ತದೆ, ಹದಿನಾರು ಹದಿನೇಳು ಪಟ್ಟಿಗೆ ಏರಿಸಿದರೆ 60° ಸೆಂ. ಸಮೀಪಿಸುತ್ತದೆ. ಕುದಿಬಿಂದುವನ್ನು ಒತ್ತಡದಿಂದ ಏರಿಳಿಸಬಹುದೆಂಬ ಈ ಸಂಗತಿಯಲ್ಲಿಯೇ ಇಡೀ ವ್ಯವಸ್ಥೆಯ ಮರ್ಮ ಅಡಗಿದೆ.

ಎಂಜಿನ್ನಿನಿಂದ ಬೆಲ್ಟಿನ ಮೂಲಕ ತಿರುಗುವ ಕಂಪ್ರೆಸರ್ ಶೀತಕದ ಆವಿಯನ್ನು ಒತ್ತಿ ಬಿಸಿ ಮಾಡಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಕಳುಹಿಸುತ್ತದೆ. ಹೊರಗಿನ ಗಾಳಿ 41° ಸೆಂ. ಇದ್ದರೂ ಒಳಗಿರುವ ಶೀತಕ ಅದಕ್ಕಿಂತ ಬಿಸಿಯಾಗಿರುವುದರಿಂದ ತನ್ನ ಶಾಖವನ್ನು ಗಾಳಿಗೆ ಬಿಟ್ಟುಕೊಟ್ಟು ದ್ರವವಾಗುತ್ತದೆ. ಅನಂತರ ಎಕ್ಸ್‌ಪ್ಯಾನ್ಷನ್ ವಾಲ್ವ್ ಎಂಬ ಕಿರುದ್ವಾರದ ಮೂಲಕ ನುಗ್ಗಿದಾಗ ಒತ್ತಡ ಥಟ್ಟನೆ ಇಳಿಯುತ್ತದೆ. ಆಗ ಅದು ಡ್ಯಾಶ್‌ಬೋರ್ಡಿನ ಹಿಂಬದಿಯಲ್ಲಿರುವ ಇವಾಪೊರೇಟರಿನಲ್ಲಿ, ಎಂದರೆ ಬಾಷ್ಪಕದಲ್ಲಿ, ಅತ್ಯಲ್ಪ ಉಷ್ಣತೆಯಲ್ಲಿಯೇ ಕುದಿದು ಆವಿಯಾಗುತ್ತದೆ. ಅದಕ್ಕೆ ಬೇಕಾದ ಶಾಖವನ್ನು ಬಾಷ್ಪಕದ ಮೇಲೆ ಹಾಯುವ ಗಾಳಿಯಿಂದ ಪಡೆಯುತ್ತದೆ. ಆವಿ ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಹೀಗೆ ತಂಪಾದ ಒಳಗಿನಿಂದ ಬಿಸಿಯಾದ ಹೊರಗಿಗೆ, ಬಾವಿಯ ನೀರನ್ನು ಮೇಲಕ್ಕೆ ಸೇದಿದಂತೆ, ಶಾಖವನ್ನು ಸೇದಿ ಹಾಕಲಾಗುತ್ತದೆ. ಸೇದುವ ಶ್ರಮಕ್ಕೆ ಪೆಟ್ರೋಲು ಅಥವಾ ಡೀಸೆಲ್ ವ್ಯಯವಾಗುತ್ತದೆ. ವಿದ್ಯುತ್ ಕಾರುಗಳಲ್ಲಿ ಕಂಪ್ರೆಸರನ್ನು ಪ್ರತ್ಯೇಕ ಮೋಟಾರು ತಿರುಗಿಸುವುದರಿಂದ ಆ ಶ್ರಮವನ್ನು ಬ್ಯಾಟರಿ ಭರಿಸುತ್ತದೆ.

ತಣ್ಣನೆಯ ಬಾಷ್ಪಕವನ್ನು ತಾಗಿದ ಗಾಳಿಯು ತನ್ನಲ್ಲಿನ ತೇವವನ್ನೂ ಕಳೆದುಕೊಳ್ಳುತ್ತದೆ. ನಿಂತ ಕಾರಿನ ಅಡಿಯಿಂದ ತೊಟ್ಟಿಕ್ಕುವ ನೀರು ಈ ತೇವವೇ ಹೊರತು ಸೋರಿಕೆಯಲ್ಲ. ಬಾಷ್ಪಕವು 0° ಸೆಂ.ಗಿಂತ ಕೆಳಗಿಳಿದರೆ ಆ ನೀರು ಹಿಮಗಟ್ಟಿ ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ಹಾಗಾಗದಂತೆ ಕಾಯಲು ಅಲ್ಲಿಯೇ ಒಂದು ಉಷ್ಣಸಂವೇದಕವಿದ್ದು, ಶೂನ್ಯದ ಸಮೀಪಕ್ಕೆ ಬಂದೊಡನೆ ಕಂಪ್ರೆಸರಿನ ಕೆಲಸವನ್ನು ತಗ್ಗಿಸುತ್ತದೆ ಅಥವಾ ನಿಲ್ಲಿಸುತ್ತದೆ.

ಹಂಡೆ ಮತ್ತು ಕೊಡ

ತಂಪು ದೊರೆಯಿತು, ಇನ್ನು ಬಿಸಿಯ ವಿಚಾರ. ಎಂಜಿನ್ನನ್ನು ತಣಿಸಲು ಅದರ ಸುತ್ತ ಹರಿಯುವ ನೀರು ಚಾಲನೆಯಲ್ಲಿ ಸುಮಾರು 90° ಸೆಂ.ನಷ್ಟು ಕಾದಿರುತ್ತದೆ. ಅದರ ಒಂದು ಪಾಲು ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರಿನ ಮೂಲಕ ಹರಿಯುತ್ತದೆ. ಇದು ನಮ್ಮ ಹಂಡೆ. ಬಾಷ್ಪಕವೇ ತಣ್ಣೀರಿನ ಕೊಡ. ಫ್ಯಾನು ದೂಡಿದ ಗಾಳಿ ಮೊದಲು ಬಾಷ್ಪಕವನ್ನು ಹಾಯ್ದು ತಂಪಾಗುತ್ತದೆ. ಅದರ ಮುಂದೆ ಒಂದು ಪುಟ್ಟ ಬಾಗಿಲಿದೆ. ಬಾಗಿಲು ಒಂದು ಕೊನೆಯಲ್ಲಿದ್ದರೆ ಗಾಳಿಯೆಲ್ಲ ಹೀಟರನ್ನು ತಪ್ಪಿಸಿ ತಂಪಾಗಿಯೇ ಹೊರಬರುತ್ತದೆ. ಮತ್ತೊಂದು ಕೊನೆಯಲ್ಲಿದ್ದರೆ ಎಲ್ಲವೂ ಹೀಟರಿನ ಮೂಲಕ ಹಾಯ್ದು ಬಿಸಿಯಾಗುತ್ತದೆ. ನಡುವೆ ನಿಂತರೆ ಎರಡೂ ಬೆರೆಯುತ್ತವೆ. ಬೆರಕೆಯ ಈ ಬಾಗಿಲೇ ಅಜ್ಜಿಯ ತಂಬಿಗೆ. ಒಂದು ಚಿಕ್ಕ ಮೋಟಾರು ಅದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಬಲ್ಲುದು.

ಗಾಳಿಯನ್ನು ತಂಪು ಮಾಡಿ ಮತ್ತೆ ಬಿಸಿ ಮಾಡುವುದು ವ್ಯರ್ಥ ಕಾರ್ಯವಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಮಳೆಗಾಲದಲ್ಲಿ ಆಗುಂಬೆಯ ಘಾಟಿಯನ್ನು ಏರುವವರಿಗೆ ಇದರ ಪ್ರಯೋಜನ ತಿಳಿಯುತ್ತದೆ. ಅಲ್ಲಿ ಪ್ರಯಾಣಿಕರ ಉಸಿರಿನ ತೇವದಿಂದ ಮುಂದಿನ ಗಾಜಿನ ಒಳಮೈಗೆ ಮಬ್ಬು ಕವಿದು ದಾರಿಯೇ ಕಾಣದಾಗುತ್ತದೆ. ಬಾಷ್ಪಕವು ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ. ಹೀಟರು ಆ ಒಣಗಾಳಿಯನ್ನು ಬೆಚ್ಚಗಾಗಿಸುತ್ತದೆ. ಒಣಗಿದ ಬೆಚ್ಚನೆಯ ಗಾಳಿ ತಾಗಿದ ಕ್ಷಣದಿಂದ ಮಬ್ಬು ಕರಗತೊಡಗುತ್ತದೆ.

ತನ್ನನ್ನು ತಾನು ತಿದ್ದಿಕೊಳ್ಳುವ ಯಂತ್ರಗಳು

ಕಾರಿಗೆ ಹವಾನಿಯಂತ್ರಣವನ್ನು ಮೊದಲು ಮಾರಾಟಕ್ಕೆ ಒದಗಿಸಿದವರು ಅಮೆರಿಕದ ಪ್ಯಾಕರ್ಡ್ ಕಂಪನಿಯವರು. ಅದು 1940ರ ಮಾದರಿಯ ಕಾರುಗಳಲ್ಲಿ. ಆ ಉಪಕರಣ ಕಾರಿನ ಡಿಕ್ಕಿಯ ಬಹುಭಾಗವನ್ನು ಆಕ್ರಮಿಸಿತ್ತು. ಅದಕ್ಕೆ ಉಷ್ಣತೆಯ ನಿಯಂತ್ರಣವೇ ಇರಲಿಲ್ಲ. ತಂಪು ಸಾಕೆನಿಸಿದರೆ ಎಂಜಿನ್ನನ್ನು ನಿಲ್ಲಿಸಿ, ಕೆಳಗಿಳಿದು, ಕಂಪ್ರೆಸರಿನ ಬೆಲ್ಟನ್ನೇ ಬಿಚ್ಚಬೇಕಾಗಿತ್ತು! ಹೆಚ್ಚು ಕಾಲ ಅದು ಬಾಳಲಿಲ್ಲ. 1954ರಲ್ಲಿ ನ್ಯಾಷ್ ಕಂಪನಿಯು ಹೀಟರು ಮತ್ತು ತಂಪಿನ ಉಪಕರಣಗಳೆರಡನ್ನೂ ಒಂದುಗೂಡಿಸಿ ಕಾರಿನ ಮುಂಭಾಗದಲ್ಲಿಯೇ ಅಳವಡಿಸಿತು. ಆದರೂ ಹದವನ್ನು ನೋಡಿಕೊಳ್ಳುವ ಭಾರ ಚಾಲಕನದೇ ಆಗಿತ್ತು. 1964ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ‘ಕಂಫರ್ಟ್ ಕಂಟ್ರೋಲ್’ ಎಂಬ ವ್ಯವಸ್ಥೆ ಬಂದಾಗ ಚಾಲಕನು ಬೇಕಾದ ಉಷ್ಣತೆಯನ್ನು ಒಮ್ಮೆ ಗೊತ್ತುಪಡಿಸಿದರೆ ಸಾಕಾಯಿತು. ಇಂದಿನ ‘ಆಟೋ’ ಗುಂಡಿಯ ಮೂಲಪುರುಷ ಅದೇ. ಮುಂದೆ ಸೂಕ್ಷ್ಮ ಗಣಕಗಳು ಬಂದು ಈ ಕಾರ್ಯವನ್ನು ಮತ್ತಷ್ಟು ನಯಗೊಳಿಸಿದವು.

ಆದರೆ ಇದರ ಹಿಂದಿರುವ ತತ್ತ್ವ ಕಾರಿಗಿಂತ ಬಹಳ ಹಳೆಯದು. ಹದಿನೇಳನೆಯ ಶತಮಾನದ ಆದಿಭಾಗದಲ್ಲಿ ಹಾಲೆಂಡ್ ಮೂಲದ ಕಾರ್ನೇಲಿಸ್ ಡ್ರೆಬೆಲ್ ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯ ಬಿಸಿಯನ್ನು ತಾನಾಗಿಯೇ ಹದದಲ್ಲಿಡುವ ಸಾಧನವನ್ನು ರಚಿಸಿದ್ದನು. 1788ರಲ್ಲಿ ಜೇಮ್ಸ್ ವಾಟನು ತನ್ನ ಉಗಿಯಂತ್ರಕ್ಕೆ ಸುತ್ತುವ ಗುಂಡುಗಳ ಗವರ್ನರನ್ನು ಅಳವಡಿಸಿದನು. ಯಂತ್ರದ ವೇಗ ಹೆಚ್ಚಿದರೆ ಗುಂಡುಗಳು ಮೇಲೆದ್ದು ಉಗಿಯ ದಾರಿಯನ್ನು ಕಿರಿದುಗೊಳಿಸುತ್ತಿದ್ದವು. ವೇಗ ಕಡಿಮೆಯಾದರೆ ಕೆಳಗಿಳಿದು ದಾರಿಯನ್ನು ಹಿರಿದುಗೊಳಿಸುತ್ತಿದ್ದವು. ಇಂಥ ಸಾಧನಗಳ ವರ್ತನೆಯನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗಣಿತದ ಮೂಲಕ ವಿಶ್ಲೇಷಿಸಿದನು. ಫಲಿತಾಂಶವೇ ಹಿಂದಿರುಗಿ ಬಂದು ಕಾರಣವನ್ನು ತಿದ್ದುವ ಈ ಕ್ರಮಕ್ಕೆ ಫೀಡ್‌ಬ್ಯಾಕ್, ಎಂದರೆ ಮರುಸೂಚನೆ, ಎಂದು ಹೆಸರು.

ಯಂತ್ರದ ಇಂದ್ರಿಯಗಳು

ಕಾರಿನ ಹವಾನಿಯಂತ್ರಣದ ಗಣಕಕ್ಕೆ ಸುದ್ದಿ ತರುವ ಇಂದ್ರಿಯಗಳಲ್ಲಿ ಮುಖ್ಯವಾದದ್ದು ಥರ್ಮಿಸ್ಟರ್. ಬಿಸಿಯಾದಂತೆ ಇದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ. 25° ಸೆಂ.ನಲ್ಲಿ 10,000 ಓಮ್ ರೋಧವುಳ್ಳ ಥರ್ಮಿಸ್ಟರು 0° ಸೆಂ.ನಲ್ಲಿ ಸುಮಾರು 30,000 ಓಮ್, 50° ಸೆಂ.ನಲ್ಲಿ ಸುಮಾರು 4,000 ಓಮ್ ತೋರಿಸುತ್ತದೆ. ರೋಧವನ್ನು ಅಳೆದ ಗಣಕಕ್ಕೆ ಉಷ್ಣತೆ ತಿಳಿದಂತಾಯಿತು.

ಮೊದಲನೆಯ ಇಂದ್ರಿಯ ಕಾರಿನ ಒಳಗಿನದು. ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗಿನ ಆಸುಪಾಸು ಸಣ್ಣ ಜಾಲರಿಯೊಂದನ್ನು ಕಾಣಬಹುದು. ಅದರ ಹಿಂದೆ ಥರ್ಮಿಸ್ಟರಿದೆ. ನಿಂತ ಗಾಳಿಯ ಉಷ್ಣತೆ ಇಡೀ ಕೋಣೆಯ ಉಷ್ಣತೆಯನ್ನು ತಿಳಿಸಲಾರದು. ಆದಕಾರಣ ಕೋಣೆಯ ಗಾಳಿಯನ್ನು ಸದಾ ಮೆಲ್ಲನೆ ಜಾಲರಿಯೊಳಕ್ಕೆ ಎಳೆದುಕೊಳ್ಳುವ ಏರ್ಪಾಡೂ ಇರುತ್ತದೆ.

ಎರಡನೆಯದು ಹೊರಗಿನ ಗಾಳಿಯನ್ನು ಅಳೆಯುವಂಥದು. ಸಾಮಾನ್ಯವಾಗಿ ಮುಂದಿನ ಬಂಪರಿನ ಹಿಂದೆ ಇರುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಓಡುತ್ತಿದ್ದ ಕಾರು ನಿಂತಾಗ ಎಂಜಿನ್ನಿನ ಶಾಖ ಈ ಸಂವೇದಕವನ್ನು ಕಾಯಿಸಿ, ಹೊರಗೆ ಇಲ್ಲದ ಬಿಸಿಯನ್ನು ಇದೆಯೆಂದು ಹೇಳಿಸುತ್ತದೆ. ಆದ್ದರಿಂದ ಕಾರು ನಿಂತಿರುವಾಗ ಏರಿದ ಅಂಕಿಯನ್ನು ಗಣಕವು ಒಡನೆಯೇ ನಂಬುವುದಿಲ್ಲ. ಕಾರು ಮತ್ತೆ ವೇಗ ಪಡೆದು ತಾಜಾ ಗಾಳಿ ಬಡಿಯುವ ತನಕ ಹಳೆಯ ಅಂಕಿಯನ್ನೇ ಹಿಡಿದಿರುತ್ತದೆ. ಇಳಿಕೆಯನ್ನಾದರೋ ಬೇಗನೆ ಒಪ್ಪಿಕೊಳ್ಳುತ್ತದೆ; ಎಂಜಿನ್ನಿನ ಶಾಖದಿಂದ ಸುಳ್ಳು ಏರಿಕೆ ಸಾಧ್ಯವೇ ಹೊರತು ಸುಳ್ಳು ಇಳಿಕೆ ಸಾಧ್ಯವಿಲ್ಲವಷ್ಟೆ.

ಮೂರನೆಯದು ಬಿಸಿಲಿನ ಸಂವೇದಕ. ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ, ಗಾಜಿನ ಬುಡದಲ್ಲಿ, ಕಪ್ಪು ಗುಬುಟಿನಂತೆ ಕಾಣುವ ಇದರೊಳಗೆ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಡಯೋಡಿದೆ. ಮರಗಳ ನೆರಳಿನಿಂದ ಕಾರು ಬಯಲಿಗೆ ಬಂದಾಗ ಒಳಗಿನ ಗಾಳಿ ಬಿಸಿಯಾಗಲು ಕೆಲವು ನಿಮಿಷಗಳು ಬೇಕು. ಆದರೆ ಬಿಸಿಲು ಮೈಗೆ ತಾಗಿದವರಿಗೆ ಸೆಖೆ ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಬಿಸಿಲಿನ ಸಂವೇದಕವಿದ್ದರೆ ಗಣಕವು ಗಾಳಿ ಕಾಯುವವರೆಗೆ ಕಾಯದೆ ಮೊದಲೇ ತಂಪನ್ನು ಹೆಚ್ಚಿಸುತ್ತದೆ. ತಪ್ಪು ಸಂಭವಿಸಿದ ಮೇಲೆ ತಿದ್ದುವುದು ಮರುಸೂಚನೆಯಾದರೆ, ಸಂಭವಿಸುವ ಮುನ್ನವೇ ಎಚ್ಚರವಹಿಸುವ ಇದನ್ನು ಮುನ್ಸೂಚನೆ ಎನ್ನಬಹುದು.

ಬಾಷ್ಪಕದ ಸಂವೇದಕವನ್ನು ಆಗಲೇ ಹೇಳಿದೆ. ಎಂಜಿನ್ನಿನ ನೀರಿನ ಬಿಸಿಯನ್ನು ತಿಳಿಸುವುದು ಮತ್ತೊಂದು. ಚಳಿಯ ಮುಂಜಾನೆ ಎಂಜಿನ್ ಇನ್ನೂ ಕಾಯದಿರುವಾಗ ಫ್ಯಾನನ್ನು ಜೋರಾಗಿ ತಿರುಗಿಸಿದರೆ ತಣ್ಣನೆಯ ಗಾಳಿ ಕಾಲಿಗೆ ಬಡಿಯುತ್ತದೆ. ಆದಕಾರಣ ನೀರು ಕಾಯುವ ತನಕ ಗಣಕವು ಫ್ಯಾನನ್ನು ತಡೆದಿಡುತ್ತದೆ. ಕೆಲವು ಕಾರುಗಳಲ್ಲಿ ಗಾಜಿನ ಬಳಿ ತೇವವನ್ನು ಅಳೆಯುವ ಸಂವೇದಕವೂ ಇರುವುದುಂಟು.

ರಾಯಚೂರಿನ ಒಂದು ಮಧ್ಯಾಹ್ನ

ಒಮ್ಮೆ ಮೇ ತಿಂಗಳಿನಲ್ಲಿ ರಾಯಚೂರಿನಿಂದ ಕಲಬುರಗಿಗೆ ಬಾಡಿಗೆಯ ಕಾರಿನಲ್ಲಿ ಹೊರಟಿದ್ದೆ. ಕಾರು ಎರಡು ತಾಸು ಬಿಸಿಲಿನಲ್ಲಿ ನಿಂತಿತ್ತು. ಇಂಥ ಕಾರಿನ ಒಳಗಿನ ಗಾಳಿ 60° ಸೆಂ. ಸಮೀಪಕ್ಕೆ ಏರಬಲ್ಲುದು. ಚಾಲಕನು ಎಂಜಿನ್ ಚಾಲೂ ಮಾಡಿದೊಡನೆ ಅಂಕಿಯನ್ನು 16ಕ್ಕೆ ಇಳಿಸಿದನು. “24 ಇದ್ದರೆ ಸಾಲದೇನಪ್ಪಾ?” ಎಂದೆ. “ಹದಿನಾರಿಟ್ಟರ ಲಗೂನ ತಂಪಾಗತೈತ್ರಿ ಸರ್” ಎಂದನು. ಅರ್ಧ ತಾಸಿನ ಮೇಲೆ ಹಿಂದಿನ ಸೀಟಿನವರು ಚಳಿಯೆಂದರು. ಅವನು 28ಕ್ಕೆ ಏರಿಸಿದನು. ಮತ್ತೆ ಸೆಖೆಯಾಯಿತು, ಮತ್ತೆ 16. ದಾರಿಯುದ್ದಕ್ಕೂ ಇದೇ ಕಥೆ.

ಅವನ ನಂಬಿಕೆ ಬಹುಮಂದಿಯ ನಂಬಿಕೆ. ಅದು ಏಕೆ ತಪ್ಪೆಂದು ವಿಚಾರಿಸೋಣ. ಒಳಗೆ 60, ಬೇಕಾದದ್ದು 24, ಅಂತರ 36. ಅಷ್ಟು ದೊಡ್ಡ ಅಂತರವನ್ನು ಕಂಡ ಗಣಕವು ಕಂಪ್ರೆಸರನ್ನು ಪೂರ್ಣಶಕ್ತಿಗೆ ಏರಿಸುತ್ತದೆ, ಬೆರಕೆಯ ಬಾಗಿಲನ್ನು ತಂಪಿನ ಕೊನೆಗೆ ಸರಿಸುತ್ತದೆ, ಫ್ಯಾನನ್ನು ಅತಿ ವೇಗದಲ್ಲಿ ತಿರುಗಿಸುತ್ತದೆ. ಅಂಕಿ 16 ಆಗಿದ್ದರೂ ಅದು ಮಾಡಬಹುದಾದದ್ದು ಇಷ್ಟೇ; ಪೂರ್ಣಶಕ್ತಿಗೂ ಮೀರಿದ ಶಕ್ತಿ ಅದಕ್ಕಿಲ್ಲ. ವ್ಯತ್ಯಾಸ ಕಾಣುವುದು ಕೊನೆಯಲ್ಲಿ. 24 ಎಂದಿದ್ದರೆ ಹದ ಸಮೀಪಿಸಿದಂತೆ ಗಣಕವು ಫ್ಯಾನನ್ನು ತಗ್ಗಿಸುತ್ತ, ಬಾಗಿಲನ್ನು ತುಸುತುಸುವೇ ಸರಿಸುತ್ತ ಮೆಲ್ಲನೆ ಗುರಿಯಲ್ಲಿ ನೆಲೆಗೊಳ್ಳುತ್ತದೆ. 16 ಎಂದಿದ್ದರೆ 24ನ್ನು ದಾಟಿ ಕೆಳಕ್ಕೆ ಧಾವಿಸುತ್ತದೆ. ಇಂಧನವೂ ವ್ಯರ್ಥ, ಪ್ರಯಾಣಿಕರಿಗೆ ಚಳಿಯೂ ತಪ್ಪದು. ಹದ ನೋಡುವ ಅಜ್ಜಿಯ ಕೈಯನ್ನು ಮತ್ತೊಬ್ಬರು ಪದೇ ಪದೇ ಹಿಡಿದೆಳೆದಂತೆ ಅವನ ಕೆಲಸವಾಗಿತ್ತು.

ಕಾರು ಕಾದಿದ್ದಾಗ ನಾವು ಮಾಡಬೇಕಾದ ಸಹಾಯ ಬೇರೆಯೇ ಇದೆ. ಹೊರಗೆ 41, ಒಳಗೆ 60 ಇರುವಾಗ ಹೊರಗಿನ ಬಿಸಿಗಾಳಿಯೂ ತಂಪೇ ಸರಿ. ಒಂದೆರಡು ನಿಮಿಷ ಕಿಟಕಿಗಳನ್ನು ತೆರೆದು ಒಳಗಿನ ಗಾಳಿಯನ್ನು ಹೊರದೂಡಿ, ಅನಂತರ ಮುಚ್ಚಿದರೆ ಯಂತ್ರದ ಹೊರೆ ಎಷ್ಟೋ ಇಳಿಯುತ್ತದೆ.

ಯಂತ್ರ ಅರಿಯದ ಸಂಗತಿಗಳು

ಇಂದ್ರಿಯಗಳು ತಂದ ಸುದ್ದಿಯೇ ಗಣಕಕ್ಕೆ ಜಗತ್ತು. ಸುದ್ದಿ ಸುಳ್ಳಾದರೆ ಅದರ ತೀರ್ಮಾನವೂ ಸುಳ್ಳು. ನಮ್ಮಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ದೇವರ ಮೂರ್ತಿಯನ್ನಿಟ್ಟು ಹೂಮಾಲೆ ಹಾಕುವುದು, ಟವೆಲು ಹಾಸುವುದು ವಾಡಿಕೆ. ಅವು ಬಿಸಿಲಿನ ಸಂವೇದಕವನ್ನು ಮುಚ್ಚಿದರೆ ಉರಿಬಿಸಿಲಿನಲ್ಲಿಯೂ ಗಣಕವು ಇರುಳೆಂದೇ ಭಾವಿಸುತ್ತದೆ. ಒಳಗಿನ ಜಾಲರಿಗೆ ಧೂಳು ಕಟ್ಟಿದರೂ ಹದ ತಪ್ಪುತ್ತದೆ. ಮೂರ್ತಿಯನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದರೆ ಅದಕ್ಕೆ ಯಾವ ಊನವೂ ಆಗದು.

ಎರಡನೆಯದಾಗಿ, ಬೇಗ ತಂಪಾಗಲೆಂದು ಯಂತ್ರವು ಹೊರಗಾಳಿಯ ದಾರಿಯನ್ನು ಮುಚ್ಚಿ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವುದುಂಟು. ಉಷ್ಣತೆಯ ದೃಷ್ಟಿಯಿಂದ ಇದು ಸರಿ. ಆದರೆ ನಾಲ್ಕೈದು ಜನ ಕುಳಿತ ಮುಚ್ಚಿದ ಕಾರಿನಲ್ಲಿ ಉಸಿರಿನ ಇಂಗಾಲದ ಡೈಆಕ್ಸೈಡ್ ಹೊರಗಿನ ಪ್ರಮಾಣದ ಹಲವು ಪಟ್ಟಿಗೆ ಏರುತ್ತದೆ. ಅದರಿಂದ ತಲೆಭಾರ, ಜೊಂಪು ಬರಬಹುದು. ಚಾಲಕನಿಗೆ ಜೊಂಪು ಬಂದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಸಾಮಾನ್ಯ ಕಾರುಗಳ ಗಣಕ ಇದನ್ನು ಅಳೆಯುವುದಿಲ್ಲ. ದೂರದ ಪ್ರಯಾಣದಲ್ಲಿ ಆಗಾಗ ಹೊರಗಾಳಿಯ ದಾರಿಯನ್ನು ತೆರೆಯುವುದು ಮನುಷ್ಯನದೇ ಕರ್ತವ್ಯ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟು ತಂಪಿನಲ್ಲಿ ಮಲಗುವುದಂತೂ ಪ್ರಾಣಾಂತಿಕ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದಾಗ ಯಂತ್ರದ ಕಾವಲೂ ನಿಲ್ಲುತ್ತದೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಕಾದ ಸೀಟುಗಳು ಹೊರಸೂಸುವ ಶಾಖವನ್ನೂ ಕಾದ ಗಾಳಿಯನ್ನೂ ಹೊರಹೋಗಗೊಡುವುದಿಲ್ಲ. ಒಂದು ತಾಸಿನಲ್ಲಿ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಸುಮಾರು 20° ಸೆಂ. ಮೇಲೇರಬಹುದು, ಆ ಏರಿಕೆಯ ಬಹುಪಾಲು ಮೊದಲ ಅರ್ಧ ತಾಸಿನಲ್ಲಿಯೇ ಆಗುತ್ತದೆ. ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿಡುವುದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ದೊಡ್ಡವರಿಗಿಂತ ಮಕ್ಕಳ ಮೈ ಬಹುಬೇಗ ಕಾಯುತ್ತದೆ. “ಅಂಗಡಿಗೆ ಹೋಗಿ ಐದು ನಿಮಿಷದಲ್ಲಿ ಬರುತ್ತೇನೆ” ಎಂದು ನಿದ್ರಿಸುವ ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗುವುದು ಎಂದೆಂದಿಗೂ ಸಲ್ಲದು. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಒಂಟಿಯಾದ ಮಗುವನ್ನು ಕಂಡ ಯಾರೇ ಆಗಲಿ, ಅದು ತನ್ನದೇ ಮಗುವೆಂದು ತಿಳಿದು ಕೂಡಲೇ ಜನರನ್ನು ಕೂಗಿ ಕರೆಯಬೇಕು.

ಶೀತಕದ ವಿಷಯದಲ್ಲಿ ಮನುಷ್ಯನು ಕಲಿತ ಪಾಠವೊಂದನ್ನೂ ಇಲ್ಲಿ ನೆನೆಯಬೇಕು. ಹಿಂದೆ ಕಾರುಗಳಲ್ಲಿ ಬಳಸುತ್ತಿದ್ದ ಆರ್-12 ನಿರಪಾಯಕಾರಿಯೆಂದು ಎಲ್ಲರೂ ಭಾವಿಸಿದ್ದರು. ಅಂಥ ಅನಿಲಗಳು ಭೂಮಿಯನ್ನು ಕಾಯುವ ಓಜೋನ್ ಪದರವನ್ನು ಕ್ಷಯಗೊಳಿಸಬಲ್ಲವೆಂದು 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಹಿಂದೆ ಸರಿದು ಆರ್-134ಎ ಬಂದಿತು. ಇದು ಓಜೋನಿಗೆ ಹಾನಿ ಮಾಡದಾದರೂ, ತೂಕಕ್ಕೆ ತೂಕ ಹೋಲಿಸಿದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಪ್ರಬಲ. ಆದ್ದರಿಂದ 2016ರ ಕಿಗಾಲಿ ತಿದ್ದುಪಡಿಯು ಇಂಥ ಅನಿಲಗಳನ್ನೂ ಕ್ರಮಕ್ರಮವಾಗಿ ಕಡಿಮೆ ಮಾಡಲು ನಿಶ್ಚಯಿಸಿತು. ಅನೇಕ ಹೊಸ ಕಾರುಗಳಿಗೆ ಆರ್-1234ವೈಎಫ್ ಎಂಬ ಮತ್ತೊಂದು ಶೀತಕ ಬಂದಿದೆ. ಇದೂ ಒಂದು ಬಗೆಯ ಮರುಸೂಚನೆಯೇ: ತಪ್ಪನ್ನು ಅಳೆದು, ಒಪ್ಪಿಕೊಂಡು, ತಿದ್ದಿಕೊಳ್ಳುವ ಕೆಲಸ.

ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಮುಂದೆ ಅಂಥ ಕಾರಿನಲ್ಲಿ ಕುಳಿತಾಗ ಡ್ಯಾಶ್‌ಬೋರ್ಡಿನ ಕಪ್ಪು ಗುಬುಟನ್ನೂ ಚಿಕ್ಕ ಜಾಲರಿಯನ್ನೂ ಹುಡುಕಿ ನೋಡಲಿ. ಹದವಾದ ಒಂದು ಅಂಕಿಯನ್ನು ನಿಗದಿಪಡಿಸಿ ಯಂತ್ರಕ್ಕೆ ಅದರ ಕೆಲಸವನ್ನು ಬಿಟ್ಟುಕೊಡಲಿ. ಇಳಿಯುವಾಗ ಮಾತ್ರ ಒಮ್ಮೆ ಹಿಂದಿನ ಸೀಟಿನತ್ತ ತಿರುಗಿ ನೋಡುವುದನ್ನು ಮರೆಯದಿರಲಿ. ಆ ಕೆಲಸವನ್ನು ಯಂತ್ರದ ಪಾಲಿಗೆ ಬಿಡುವಂತಿಲ್ಲ.